ಬೋಟಿನ ಫ್ಯಾನಿನ ಕೆಳಗೆ ಇಳಿಯುವವನಿಗೆ ಒಂದು ಹೆಸರು ಕೊಡಿ

ಮಾನ್ಯ ಮೀನುಗಾರಿಕೆ ಸಚಿವರಿಗೆ, ಮತ್ತು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ,

ಗೌರವದ ನಮಸ್ಕಾರಗಳು.

ನಾನು ಮಲ್ಪೆಯ ಮೀನು ಬೋಟುಗಳಲ್ಲಿ 22 ವರ್ಷ ಕಲಾಸಿಯಾಗಿ, ಅಂದರೆ ಬಲೆ ಎಳೆಯುವ ಕೆಲಸಗಾರನಾಗಿ, ದುಡಿದವನು. ಈಗ ಕಡಲಿಗೆ ಹೋಗುವುದಿಲ್ಲ. ದಕ್ಕೆಯ, ಅಂದರೆ ಬೋಟು ಕಟ್ಟುವ ಕಟ್ಟೆಯ, ಹತ್ತಿರದ ಶೆಡ್ಡಿನಲ್ಲಿ ಕುಳಿತು ಹರಿದ ಬಲೆ ಸರಿಮಾಡುತ್ತೇನೆ. ನನಗೆ ಎಡಗಿವಿ ಕೇಳಿಸುವುದಿಲ್ಲ. ಅದು ಹೇಗೆ ಹೋಯಿತು ಅಂತ ಮುಂದೆ ಬರೆಯುತ್ತೇನೆ.

ಈಗ ಜುಲೈ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಬೋಟುಗಳೆಲ್ಲ ದಡ ಸೇರಿವೆ. ಬಣ್ಣ ಬಳಿಯುತ್ತಿದ್ದಾರೆ, ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದಾರೆ, ಹೊಸ ಬಲೆ ಬರುತ್ತಿದೆ. ಆಗಸ್ಟ್ 1 ಬಂದರೆ ಮತ್ತೆ ಕಡಲು. ಆದರೆ ಆಗಸ್ಟ್ ಬಂದ ಕೂಡಲೇ ಕಡಲು ತಣ್ಣಗಾಗುವುದಿಲ್ಲ. ಹೊಳೆಗಳ ಕೆಂಪು ನೀರು ಇನ್ನೂ ಅಳಿವೆಯಲ್ಲಿ ನುಗ್ಗುತ್ತಿರುತ್ತದೆ. ತೆರೆ ಎತ್ತರ ಇರುತ್ತದೆ. ಎರಡು ತಿಂಗಳು ಸಂಪಾದನೆ ಇಲ್ಲದೆ ಕೂತವರು ತೆರೆ ನೋಡಿ ವಾಪಸ್ ಬರುವುದು ಕಷ್ಟ. ಹಾಗಾಗಿ ಈ ಪತ್ರವನ್ನು ಸೀಸನ್ ಶುರುವಾಗುವ ಮೊದಲೇ ಬರೆಯುತ್ತಿದ್ದೇನೆ.

ನಾನು ಹೇಳಬೇಕಾಗಿರುವುದು ಒಂದೇ ಒಂದು ಕೆಲಸದ ಬಗ್ಗೆ, ಬೋಟಿನ ಫ್ಯಾನಿಗೆ ಸುತ್ತಿಕೊಂಡ ಬಲೆಯನ್ನು ನೀರಿಗೆ ಇಳಿದು ಬಿಡಿಸುವ ಕೆಲಸ. ಕರಾವಳಿಯ ಬೋಟುಗಳಲ್ಲಿ ಈ ಕೆಲಸ ನಡೆಯುತ್ತಲೇ ಇದೆ. ಆದರೆ ನಿಮ್ಮ ಯಾವ ಕಾಗದದಲ್ಲೂ ಅದನ್ನು ನಾನು ಕಂಡಿಲ್ಲ.

ಬಲೆ ಎಳೆಯುವಾಗ ಅಥವಾ ಬಿಡುವಾಗ ಸೆಳೆತಕ್ಕೆ ಸಿಕ್ಕಿ ಅದು ಬೋಟಿನ ಅಡಿಗೆ ಬರುತ್ತದೆ. ಇಲ್ಲವೇ ಯಾರೋ ಕಡಲಿಗೆ ಎಸೆದ ಹಳೆಯ ಹಗ್ಗ, ತುಂಡು ಬಲೆ ತೇಲಿ ಬರುತ್ತದೆ. ಫ್ಯಾನಿಗೆ, ಅಂದರೆ ಬೋಟನ್ನು ಮುಂದೆ ತಳ್ಳುವ ಪ್ರೊಪೆಲ್ಲರ್‌ಗೆ, ಅದು ಸುತ್ತಿಕೊಳ್ಳುತ್ತದೆ. ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಎಂಜಿನ್ ನಿಂತ ಬೋಟ್ ತೆರೆಗೆ ಅಡ್ಡ ತಿರುಗುತ್ತದೆ. ಗಾಳಿ ದಡದ ಕಡೆಗಿದ್ದರೆ ಬಂಡೆಯತ್ತ ಹೋಗುತ್ತದೆ. ಹೀಗೆ ಫ್ಯಾನಿಗೆ ಬಲೆ ಬಿದ್ದು ಕಲ್ಲಿಗೆ ಬಡಿದು ಒಡೆದ ಬೋಟುಗಳ ಸುದ್ದಿ ಕರಾವಳಿಯವರಿಗೆ ಹೊಸದಲ್ಲ. ಆಗ ಯಾರಾದರೂ ಒಬ್ಬ ನೀರಿಗೆ ಇಳಿದು ಆ ಬಲೆಯನ್ನು ಕೊಯ್ಯಬೇಕು.

ನಮ್ಮ ಬೋಟಿನಲ್ಲಿ ಆ ಕೆಲಸಕ್ಕೆ ಹೆಸರು ಇರಲಿಲ್ಲ. "ಯಾರು ಇಳಿಯುವವರು?" ಅಂತ ಬೋಟ್ ನಡೆಸುವ ತಾಂಡೇಲ ಕೇಳುತ್ತಿದ್ದರು, ಅಷ್ಟೇ. ಎಲ್ಲರೂ ಒಬ್ಬನ ಮುಖ ನೋಡುತ್ತಿದ್ದರು. ಎಂಟು ವರ್ಷ ಆ ಮುಖ ನನ್ನದಾಗಿತ್ತು. ಚೆನ್ನಾಗಿ ಈಜಲು ಬರುತ್ತದೆ ಅನ್ನುವುದೇ ಅದಕ್ಕೆ ಬೇಕಾದ ಅರ್ಹತೆ. ಯಾರೂ ನನಗೆ ಕಲಿಸಲಿಲ್ಲ. ನಾನೂ ಯಾರಿಗೂ ಸರಿಯಾಗಿ ಕಲಿಸಲಿಲ್ಲ.

ಸ್ವಾಮಿ, ಫ್ಯಾನ್ ಇರುವುದು ನೀರಿನ ಕೆಳಗೆ ಎರಡು ಮೂರು ಮೀಟರ್ ಆಳದಲ್ಲಿ. "ಅದೇನು ದೊಡ್ಡ ಆಳ?" ಅಂತ ದಡದಲ್ಲಿ ನಿಂತವರಿಗೆ ಅನಿಸಬಹುದು. ಅಪಾಯ ಇರುವುದು ಆಳದಲ್ಲಿ ಅಲ್ಲ, ತಲೆಯ ಮೇಲೆ. ತೆರೆ ಬಂದಾಗ ಬೋಟಿನ ಹಿಂಭಾಗ ಎದ್ದು ನಿಲ್ಲುತ್ತದೆ. ತೆರೆ ದಾಟಿದ ಮೇಲೆ ಹತ್ತಾರು ಟನ್ ತೂಕದ ಬೋಟ್ ಹಾಗೇ ಕೆಳಗೆ ಬೀಳುತ್ತದೆ. ಅದರ ಅಡಿಯಲ್ಲಿ ಇಳಿದವನ ತಲೆ ಇರುತ್ತದೆ, ಹೆಗಲು ಇರುತ್ತದೆ. ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು ಬೋಟಿನ ಜೊತೆಗೇ ಏಳಬೇಕು, ಜೊತೆಗೇ ಇಳಿಯಬೇಕು. ಇನ್ನೊಂದು ಕೈಯಲ್ಲಿ ಚಾಕು. ಕೈ ತಪ್ಪಿದರೆ ಬೋಟ್ ಒಂದು ಕಡೆ, ನಾವು ಒಂದು ಕಡೆ. ತಳಕ್ಕೆ ಅಂಟಿಕೊಂಡಿರುವ ಚಿಪ್ಪುಗಳು ಗಾಜಿನ ಹಾಗೆ ಚರ್ಮ ಸೀಳುತ್ತವೆ. ಮಳೆಗಾಲದ ನೀರಿನಲ್ಲಿ ಸ್ವಂತ ಕೈ ಕೂಡ ಕಾಣುವುದಿಲ್ಲ. ಮುಟ್ಟಿ ಮುಟ್ಟಿಯೇ ಹುಡುಕಬೇಕು.

ಬಲೆ ಬರೀ ಸುತ್ತಿಕೊಂಡಿದ್ದರೆ ಸುಲಭ. ಆದರೆ ಫ್ಯಾನ್ ಜೋರಾಗಿ ತಿರುಗುವಾಗ ನೈಲಾನ್ ಉಜ್ಜಿ ಬಿಸಿಯಾಗಿ ಕರಗುತ್ತದೆ. ಆಮೇಲೆ ಅದು ಕಲ್ಲಿನ ಹಾಗೆ ಗಟ್ಟಿ ಉಂಡೆ. ಚಾಕು ನಾಟುವುದಿಲ್ಲ. ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿದು ಗರಗಸದಂತೆ ಎಳೆಯಬೇಕು. ಒಂದು ಉಸಿರಿಗೆ ಮುಕ್ಕಾಲು ನಿಮಿಷ ಸಿಕ್ಕಿದರೆ ಹೆಚ್ಚು. ಮೇಲೆ ಬಂದು ಉಸಿರು ಎಳೆದುಕೊಂಡು ಮತ್ತೆ ಇಳಿಯುವುದು. ಒಂದು ಸಲ ನಾನು ಎಣಿಸಿದ್ದೆ, 43 ಸಲ ಇಳಿದಿದ್ದೆ. ಆಗ ನನಗೆ ನೆಗಡಿ ಇತ್ತು. ಕಿವಿಯಲ್ಲಿ ಒತ್ತಡ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಎಷ್ಟನೆಯ ಸಲವೋ ಒಳಗೆ ಏನೋ ಒಡೆದಂತಾಯಿತು, ಬಿಸಿ ನೀರು ಹೊಯ್ದ ಹಾಗೆ. ಮೇಲೆ ಕೆಳಗೆ ಯಾವುದು ಅನ್ನುವುದೇ ಗೊತ್ತಾಗಲಿಲ್ಲ. ತೆರೆ ನನ್ನನ್ನು ಮೇಲಕ್ಕೆ ತಳ್ಳಿತು, ಅದಕ್ಕೆ ಬದುಕಿದೆ. ಕಿವಿಯ ತಮಟೆ ಹರಿದಿತ್ತು. ಆಮೇಲೆ ಕೀವಾಯಿತು. ನೆಗಡಿ ಇದ್ದಾಗ ಮುಳುಗಬಾರದು ಅನ್ನುವ ಚಿಕ್ಕ ಮಾತು ನನಗೆ ಮೊದಲೇ ಗೊತ್ತಿದ್ದರೆ ಈ ಕಿವಿ ಉಳಿಯುತ್ತಿತ್ತು.

ಇನ್ನೊಂದು ವಿಷಯ. ಜಾಸ್ತಿ ಹೊತ್ತು ನೀರಿನಲ್ಲಿರಲು ಹುಡುಗರು ಇಳಿಯುವ ಮೊದಲು ಬೇಗ ಬೇಗ ಉಸಿರಾಡುತ್ತಾರೆ. ನಾನೂ ಮಾಡುತ್ತಿದ್ದೆ. ಅದು ಶಕ್ತಿ ಕೊಡುತ್ತದೆ ಅಂದುಕೊಂಡಿದ್ದೆವು. ನಿಜವಾಗಿ ಅದರಿಂದ ಮೈಯಲ್ಲಿ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. "ಇನ್ನು ಸಾಕು, ಮೇಲೆ ಬಾ" ಅಂತ ಮೈ ಹೇಳುವುದು ಅದು ಏರಿದಾಗಲೇ. ಆ ಎಚ್ಚರಿಕೆ ಬರುವ ಮೊದಲೇ ಪ್ರಜ್ಞೆ ಹೋಗುತ್ತದೆ. ಸದ್ದೂ ಇಲ್ಲ, ಒದ್ದಾಟವೂ ಇಲ್ಲ. ಇದನ್ನು ನನಗೆ ಹೇಳಿದ್ದು ಮುರ್ಡೇಶ್ವರದಲ್ಲಿ ಪ್ರವಾಸಿಗರನ್ನು ನೇತ್ರಾಣಿ ದ್ವೀಪಕ್ಕೆ ಕರೆದುಕೊಂಡು ಹೋಗುವ ಒಬ್ಬ ತರಬೇತುದಾರ. ಆಗ ನಾನು ಕಡಲು ಬಿಟ್ಟು ಎರಡು ವರ್ಷ ಆಗಿತ್ತು.

ನೇತ್ರಾಣಿಯ ಮಾತು ಬಂತು, ಹೇಳಿಯೇಬಿಡುತ್ತೇನೆ. ಅಲ್ಲಿ ಮೀನು ನೋಡಲು ಬರುವ ಪ್ರವಾಸಿಗೆ ಮಾಸ್ಕ್ ಇದೆ, ಸಿಲಿಂಡರ್ ಇದೆ, ಮೈಗೆ ಸೂಟ್ ಇದೆ, ಪಕ್ಕದಲ್ಲಿ ಕೈ ಹಿಡಿದ ತರಬೇತುದಾರ ಇದ್ದಾನೆ. ಮೊದಲು ಆರೋಗ್ಯದ ಪ್ರಶ್ನೆ ಕೇಳುತ್ತಾರೆ. ಮಳೆಗಾಲದಲ್ಲಿ ಅದನ್ನು ನಿಲ್ಲಿಸುತ್ತಾರೆ. ಅದೆಲ್ಲ ಸರಿಯಾಗಿಯೇ ಇದೆ, ನನಗೆ ಅದರಲ್ಲಿ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಕಡಲಿನಲ್ಲಿ, ಇನ್ನೂ ಕೆಟ್ಟ ನೀರಿನಲ್ಲಿ, ಹೊಟ್ಟೆಪಾಡಿಗೆ ಇಳಿಯುವವನ ಮೈಮೇಲೆ ಒಂದು ಚಡ್ಡಿ, ಕೈಯಲ್ಲಿ ಒಂದು ಬ್ಲೇಡ್ ಬಿಟ್ಟು ಬೇರೇನೂ ಇಲ್ಲ. ಇದು ನ್ಯಾಯ ಅಲ್ಲ ಅಲ್ವಾ?

ಈಗ ಈ ಪತ್ರ ಬರೆಯಲು ಕಾರಣನಾದ ಹುಡುಗನ ವಿಷಯ. ಹೆಸರು ಹಾಕುವುದಿಲ್ಲ, ಅವನಿಗೆ ಇನ್ನೂ ಇದೇ ದಕ್ಕೆಯಲ್ಲಿ ಬದುಕಬೇಕಿದೆ. ಹೊನ್ನಾವರದ ಕಡೆಯವನು. 23 ವರ್ಷ. ನನ್ನನ್ನು ಅಣ್ಣ ಅನ್ನುತ್ತಾನೆ. ಒಂದು ಆಗಸ್ಟ್‌ನಲ್ಲಿ, ಸೀಸನ್ ಶುರುವಾಗಿ ಎರಡು ವಾರ ಆಗಿರಲಿಲ್ಲ, ಅವನಿದ್ದ ಬೋಟಿನ ಫ್ಯಾನಿಗೆ ಬಲೆ ಬಿತ್ತು. ಗಾಳಿ ಜೋರಾಗಿತ್ತು. ಇಳಿಯುವುದು ಬೇಡ, ಇನ್ನೊಂದು ಬೋಟಿಗೆ ವಯರ್‌ಲೆಸ್ ಮಾಡಿ ಹಗ್ಗ ಕಟ್ಟಿ ಎಳೆಸೋಣ ಅಂತ ಇಬ್ಬರು ಹೇಳಿದರಂತೆ. ಎಳೆಯಲು ಬರುವ ಬೋಟಿಗೆ ಡೀಸೆಲ್ ಖರ್ಚು ಕೊಡಬೇಕು, ಅವರ ಆ ದಿನದ ಮೀನು ತಪ್ಪುತ್ತದೆ, ನಮ್ಮದೂ ತಪ್ಪುತ್ತದೆ. ಹುಡುಗ ಇಳಿದ. ನಾಲ್ಕನೆಯ ಸಲ ಮೇಲೆ ಬರುವಾಗ ಬೋಟಿನ ಹಿಂಭಾಗ ಅವನ ಬಲಗಡೆಯ ಹೆಗಲ ಮೇಲೆ ಕೂತಿತು. ಮೂಳೆ ಮುರಿಯಿತು. ನರಕ್ಕೂ ಪೆಟ್ಟಾಗಿತ್ತು. ದಡಕ್ಕೆ ತರುವಾಗ ಆರು ಗಂಟೆ ಕಳೆದಿತ್ತು. ಈಗ ಆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಬಲೆ ಎಳೆಯಲು ಆಗುವುದಿಲ್ಲ. ದಕ್ಕೆಯಲ್ಲಿ ಐಸ್ ಪುಡಿ ಮಾಡುವ ಕಡೆ ಲೆಕ್ಕ ಬರೆಯುತ್ತಾನೆ, ಎಡಗೈಯಲ್ಲಿ.

ಪರಿಹಾರಕ್ಕೆ ಅರ್ಜಿ ಹಾಕಲು ಅವನ ಜೊತೆ ನಾನೇ ಓಡಾಡಿದೆ. ಯಾವ ಕಚೇರಿ ಅಂತ ಬರೆಯುವುದಿಲ್ಲ. ಅಲ್ಲಿ ಕುಳಿತವರ ಮೇಲೆ ನನಗೆ ಸಿಟ್ಟೂ ಇಲ್ಲ, ಅವರ ಮುಂದೆ ಇದ್ದದ್ದು ಒಂದು ಫಾರಂ. "ಬೋಟಿನಲ್ಲಿದ್ದವನು ನೀರಿಗೆ ಯಾಕೆ ಇಳಿದ? ಯಾರು ಇಳಿ ಅಂದರು?" ಅಂತ ಕೇಳಿದರು. ಯಾರೂ ಇಳಿ ಅನ್ನಲಿಲ್ಲ, ಅವನೇ ಇಳಿದ. ಹಾಗಾದರೆ ತಾನಾಗಿ ಹಾರಿದ ಅಂತಾಯಿತು. ಬೋಟಿನವರೂ ಸುಮ್ಮನಾದರು. ಮೂರನೆಯ ಸಲ ಹೋದಾಗ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟರು: "ಡೆಕ್ ಮೇಲೆ ಜಾರಿ ಬಿದ್ದ ಅಂತ ಬರೆಸಿ. ಬೇಗ ಆಗುತ್ತದೆ."

ಅವತ್ತು ನನಗೆ ಹೊಳೆಯಿತು. ನನ್ನ ಕಿವಿಯ ಚೀಟಿಯಲ್ಲೂ "ಸೋಂಕು" ಅಂತಲೇ ಬರೆದಿತ್ತು. ಇನ್ನೆಷ್ಟು ಜನರ ಕಾಗದದಲ್ಲಿ ಜಾರಿ ಬಿದ್ದ, ಕಾಲು ತಪ್ಪಿ ನೀರಿಗೆ ಬಿದ್ದ ಅಂತ ಬರೆದಿರಬಹುದು? ಹೀಗೆ ಬರೆಸುತ್ತಾ ಹೋದರೆ ಲೆಕ್ಕದಲ್ಲಿ ನಮ್ಮ ಕಡಲಿನಲ್ಲಿ ಯಾರೂ ಮುಳುಗುವ ಕೆಲಸ ಮಾಡುವುದೇ ಇಲ್ಲ. ಯಾರೂ ಮಾಡದ ಕೆಲಸಕ್ಕೆ ತರಬೇತಿ ಯಾಕೆ, ಸಾಮಾನು ಯಾಕೆ, ನಿಯಮ ಯಾಕೆ?

ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರರಿಗೆ ಅಪಘಾತ ವಿಮೆ ಇದೆ. ಸತ್ತರೆ ಅಥವಾ ಪೂರ್ತಿ ಕೈಲಾಗದವನಾದರೆ 5 ಲಕ್ಷ, ಶಾಶ್ವತವಾಗಿ ಒಂದು ಅಂಗ ಊನವಾದರೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25 ಸಾವಿರ. ರಾಜ್ಯದ್ದೇ ಸಂಕಷ್ಟ ಪರಿಹಾರ ನಿಧಿ ಇದೆ. ಇವು ಒಳ್ಳೆಯ ಯೋಜನೆಗಳು. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಇವುಗಳಿಂದ ಅನ್ನ ಸಿಕ್ಕಿದೆ. ಆದರೆ ಆ ಹುಡುಗ ನಿಜ ಹೇಳಿದ್ದಕ್ಕೆ ಅವನ ಅರ್ಜಿ ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿದೆ. ಸುಳ್ಳು ಬರೆಸುವುದಿಲ್ಲ ಅಂತ ಅವನು ಹಟ ಹಿಡಿದ. ನಾನೂ ಅವನ ಜೊತೆ ನಿಂತೆ.

ಬ್ರಿಟಿಷರ ಕಾಲದ ಒಂದು ಕಾನೂನು ಇತ್ತು, 1923ರ ಕಾರ್ಮಿಕರ ಪರಿಹಾರ ಕಾಯ್ದೆ. ಪರಿಹಾರ ಯಾರಿಗೆ ಸಿಗಬೇಕು ಅನ್ನುವ ಅದರ ಪಟ್ಟಿಯಲ್ಲಿ ಆನೆ ಪಳಗಿಸುವವನು, ಮರ ಕಡಿಯುವವನು ಇವರ ಜೊತೆಗೆ ಮುಳುಗುಗಾರನಾಗಿ ಕೆಲಸ ಮಾಡುವವನು ಅಂತಲೂ ಇತ್ತು. ಒಬ್ಬ ವಕೀಲರು ಇದನ್ನು ಓದಿ ತೋರಿಸಿದಾಗ ನನಗೆ ತುಂಬಾ ಸಂತೋಷವಾಯಿತು. ಆಮೇಲೆ ಅವರೇ ಹೇಳಿದರು, ನಿಮ್ಮ ಹುಡುಗ ಮುಳುಗುಗಾರ ಅಂತ ಎಲ್ಲಿ ಬರೆದಿದೆ? ಎಲ್ಲೂ ಇಲ್ಲ. ಅವನು ಕಲಾಸಿ.

ಇದೇ ಜನರನ್ನು ಸರ್ಕಾರ ಗುರುತಿಸುವ ಒಂದು ಹೊತ್ತೂ ಇದೆ. ಹೆಣ ಹುಡುಕಬೇಕಾದಾಗ. 2020ರ ನವೆಂಬರ್ ಮುಗಿದು ಡಿಸೆಂಬರ್ ಶುರುವಾಗುವ ಹೊತ್ತಿಗೆ ಉಳ್ಳಾಲದ ಆಚೆ ಬೋಟ್ ಮಗುಚಿ ಆರು ಜನ ಹೋದರು. ಅವರನ್ನು ಹುಡುಕಲು ಇಳಿದವರಲ್ಲಿ ಊರಿನ ಮುಳುಗುಗಾರರೂ ಇದ್ದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಗಂಗಾವಳಿ ಹೊಳೆ ತುಂಬಿ ಹರಿಯುತ್ತಿತ್ತು. ಆ ಸೆಳೆತದಲ್ಲಿ ಇಳಿಯುವುದು ನೌಕಾಪಡೆಯವರಿಗೇ ಕಷ್ಟವಾಗಿತ್ತು. ಮಲ್ಪೆಯಿಂದ ಹೋದ ನಮ್ಮವರು ಇಳಿದರು. ಹಗ್ಗ ಕಡಿದು ಒಬ್ಬರು ಕೊಚ್ಚಿ ಹೋಗುತ್ತಿದ್ದಾಗ ಹಿಡಿದು ಮೇಲೆ ಎತ್ತಬೇಕಾಯಿತು. ಟಿವಿಯವರು ಅವತ್ತು ಅವರನ್ನು ವೀರರು ಅಂದರು. ನೀರು ಇಳಿದು, ಹೂಳೆತ್ತುವ ಡ್ರೆಜ್ಜರ್ ಬಂದು, ಆ ಕುಸಿತದಲ್ಲಿ ಹೊಳೆ ಸೇರಿದ್ದ ಲಾರಿ ಸೆಪ್ಟೆಂಬರ್ 25ರಂದು ಮೇಲೆ ಬಂತು. ಆಮೇಲೆ ಎಲ್ಲರೂ ಅವರವರ ಊರಿಗೆ ಹೋದರು. ಆಪತ್ತಿನಲ್ಲಿ ಕರೆಯುವ ಫೋನ್ ನಂಬರ್ ಪೊಲೀಸ್ ಠಾಣೆಯಲ್ಲಿ ಇದೆ. ಆದರೆ ಆ ನಂಬರಿನ ಮನುಷ್ಯನಿಗೆ ಪೆಟ್ಟಾದರೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಯಾರೂ ಬರೆದಿಟ್ಟಿಲ್ಲ.

ನೌಕಾಪಡೆಯವರು ಹೇಗೆ ಇಳಿಯುತ್ತಾರೆ ಅನ್ನುವುದು ನಮಗೆ ಗೊತ್ತಿದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟ್ ಏಳು ಜನರ ಜೊತೆ ಕಾಣೆಯಾಯಿತು. ಆ ದಿನಗಳಲ್ಲಿ ಈ ದಕ್ಕೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. 2019ರ ಮೇ ತಿಂಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷ ಪತ್ತೆ ಮಾಡಿತು. ಆ ಹಡಗಿನಲ್ಲಿ ಮುಳುಗುವವರಿಗಾಗಿಯೇ ಒತ್ತಡ ಇಳಿಸುವ ಕೋಣೆ ಇದೆ. ಇಳಿದವರ ಮೇಲೆ ಕಣ್ಣಿಡಲು ಮೇಲೆ ಜನ ಇರುತ್ತಾರೆ. ಅಂಥದ್ದು ಬೇಕು ಅಂತ ನಾವು ಕೇಳುತ್ತಿಲ್ಲ. ಎರಡು ಮೀಟರ್ ಆಳಕ್ಕೆ ಏನು ಬೇಕೋ ಅಷ್ಟನ್ನು ಕೇಳುತ್ತಿದ್ದೇವೆ.

ಹಾಗಾದರೆ ಏನು ಬೇಕು?

ಎಲ್ಲಕ್ಕಿಂತ ಮೊದಲು ಈ ಕೆಲಸಕ್ಕೆ ಕಾಗದದಲ್ಲಿ ಒಂದು ಹೆಸರು ಬೇಕು. ಬೋಟಿನಲ್ಲಿ ಯಾರ್ಯಾರು ಇದ್ದಾರೆ ಅನ್ನುವ ಪಟ್ಟಿಯಲ್ಲಿ ತಾಂಡೇಲನ ಹೆಸರಿನ ಕೆಳಗೆ "ಮುಳುಗುವ ಕೆಲಸ" ಅಂತ ಒಂದು ಸಾಲು ಸೇರಿಸಿ. ಆ ಸಾಲಿನಲ್ಲಿ ಹೆಸರಿರುವವನು ಬಲೆ ಬಿಡಿಸಲು ನೀರಿಗೆ ಇಳಿದಾಗ ಏನೇ ಆದರೂ ಅದು ಮೀನುಗಾರಿಕೆಯ ವೇಳೆ ಆದ ಅಪಘಾತ ಅಂತ ಒಂದು ಸುತ್ತೋಲೆ ಹೊರಡಿಸಿ. ಇದಕ್ಕೆ ಹಣ ಬೇಕಿಲ್ಲ, ಒಂದು ಸಹಿ ಸಾಕು. ಒಡಿಶಾ, ಜಾರ್ಖಂಡ್, ಆಂಧ್ರದಿಂದ ಬಂದು ನಮ್ಮ ಬೋಟುಗಳಲ್ಲಿ ದುಡಿಯುವ ಹುಡುಗರಿಗೂ ಇದು ಸಿಗಬೇಕು. ಅವರಿಗೆ ಭಾಷೆಯೂ ಬರುವುದಿಲ್ಲ, ಆಗುವುದಿಲ್ಲ ಅನ್ನುವ ಧೈರ್ಯವೂ ಇರುವುದಿಲ್ಲ. ಇಳಿ ಅಂದರೆ ಇಳಿಯುತ್ತಾರೆ.

ಆಮೇಲೆ ತರಬೇತಿ. ನಿಷೇಧದ 61 ದಿನ ಹುಡುಗರು ಕೈ ಕಟ್ಟಿ ಕೂತಿರುತ್ತಾರೆ. ಪ್ರತಿ ಬೋಟಿನಿಂದ ಇಬ್ಬರನ್ನು ಕರೆಸಿ ಮೂರು ದಿನ ಈಜುಕೊಳದಲ್ಲಿ ಕಲಿಸಿದರೂ ಸಾಕು. ಕಿವಿಯ ಒತ್ತಡ ಬಿಡಿಸುವುದು, ಬೇಗ ಬೇಗ ಉಸಿರಾಡಬಾರದು ಅನ್ನುವುದು, ಎರಡು ಇಳಿತಗಳ ನಡುವೆ ಎಷ್ಟು ಹೊತ್ತು ಬಿಡಬೇಕು ಅನ್ನುವುದು, ಪ್ರಜ್ಞೆ ತಪ್ಪಿದವನಿಗೆ ಉಸಿರು ಕೊಡುವುದು. ಕರಾವಳಿ ಕಾವಲು ಪೊಲೀಸರಲ್ಲಿ, ಕೋಸ್ಟ್ ಗಾರ್ಡ್‌ನಲ್ಲಿ, ನೇತ್ರಾಣಿಯ ತರಬೇತುದಾರರಲ್ಲಿ ಇದು ತಿಳಿದವರು ಇದ್ದಾರೆ. ಕಲಿಸಲು ಒಬ್ಬರಿಗಾದರೂ ಮನಸ್ಸಿದೆ, ನಾನೇ ಕೇಳಿ ನೋಡಿದ್ದೇನೆ.

ಲೈಫ್ ಜಾಕೆಟ್ ಹಾಕಿ ಅಂತ ನೀವು ಹೇಳುತ್ತೀರಿ. ಒಳ್ಳೆಯ ಮಾತು, ಎಲ್ಲರೂ ಹಾಕಬೇಕು. ಆದರೆ ಅದನ್ನು ಹಾಕಿಕೊಂಡು ಮುಳುಗಲು ಆಗುವುದಿಲ್ಲ. ಇಳಿಯುವವನು ಮೊದಲು ಮಾಡುವುದೇ ಅದನ್ನು ಬಿಚ್ಚುವುದು. ಹಾಗಾಗಿ ಅವನಿಗೆ ಬೇರೆ ಸಾಮಾನು ಬೇಕು: ಹೆಲ್ಮೆಟ್, ಮಾಸ್ಕ್, ಕಾಲಿಗೆ ರೆಕ್ಕೆ, ಕೈ ಕೊಯ್ಯದ ಗ್ಲೌಸ್, ಒರೆ ಇರುವ ಒಳ್ಳೆಯ ಚಾಕು, ಉದ್ದದ ಹಗ್ಗ. ಬೋಟಿಗೆ ಒಂದು ಪೆಟ್ಟಿಗೆ. ಸಹಾಯಧನದ ಪಟ್ಟಿಯಲ್ಲಿ ಈ ಪೆಟ್ಟಿಗೆಯನ್ನೂ ಸೇರಿಸಿ. ಫ್ಯಾನಿನ ಶಾಫ್ಟಿಗೆ ಕೂರಿಸುವ, ಹಗ್ಗ ಕತ್ತರಿಸುವ ಬ್ಲೇಡುಗಳೂ ಬಂದಿವೆ. ನಮ್ಮ ಬಲೆಗಳಿಗೆ ಅವು ಎಷ್ಟು ಆಗುತ್ತವೆ ಅಂತ ಕೆಲವು ಬೋಟುಗಳಲ್ಲಿ ಕೂರಿಸಿ ನೋಡಿ. ಮನುಷ್ಯ ಇಳಿಯುವುದೇ ತಪ್ಪಿದರೆ ಅದಕ್ಕಿಂತ ಒಳ್ಳೆಯದು ಏನಿದೆ?

ಬೋಟ್ ಮಾಲೀಕರಿಗೂ ತಾಂಡೇಲರಿಗೂ ಇಲ್ಲೇ ಒಂದು ಮಾತು. ನೀವು ನನಗೆ ಅನ್ನ ಕೊಟ್ಟವರು, ಆ ಋಣ ನನಗಿದೆ. ಹುಡುಗ ನೀರಿಗೆ ಇಳಿಯುವ ಮೊದಲು ಎಂಜಿನ್ ಕೀ ತೆಗೆದು ಅವನ ಕೈಗೇ ಕೊಡಿ. ಅವನು ಮೇಲೆ ಬಂದು ಕೀ ವಾಪಸ್ ಕೊಡುವವರೆಗೆ ಯಾರೂ ಎಂಜಿನ್ ಮುಟ್ಟಬಾರದು. ಹಗ್ಗ ಹಿಡಿಯಲು ಒಬ್ಬನನ್ನು ನಿಲ್ಲಿಸಿ, ಅವನಿಗೆ ಬೇರೆ ಯಾವ ಕೆಲಸವನ್ನೂ ಹೇಳಬೇಡಿ. ಬೀಡಿ ಸೇದಲು ಕೂಡ ಬಿಡಬೇಡಿ. ಇವತ್ತು ಬೇಡ ಅಂತ ಹುಡುಗ ಹೇಳಿದರೆ ಅವನ ಪಾಲು ಕಡಿಮೆ ಮಾಡಬೇಡಿ, ಹೆದರುಪುಕ್ಕ ಅನ್ನಬೇಡಿ. ಇನ್ನೊಂದು ಬೋಟ್ ಕರೆಯಿರಿ.

ಸಚಿವರೇ, ಎಳೆಯುವ ಬೋಟಿನ ಖರ್ಚೇ ಇಲ್ಲಿನ ದೊಡ್ಡ ಗಂಟು. ಆ ದಿನ ಹುಡುಗ ಇಳಿದದ್ದು ಆ ಖರ್ಚು ಉಳಿಸಲು. ಹವಾಮಾನ ಇಲಾಖೆಯ ಎಚ್ಚರಿಕೆ ಇರುವ ದಿನ ಕೆಟ್ಟು ನಿಂತ ಬೋಟನ್ನು ಎಳೆದು ತಂದವರಿಗೆ ಡೀಸೆಲ್ ಹಣ ಸರ್ಕಾರ ಕೊಡುತ್ತದೆ ಅಂತಾದರೆ, ಯಾವ ತಾಂಡೇಲನೂ ಯಾರನ್ನೂ ಇಳಿಸುವುದಿಲ್ಲ. ಅಷ್ಟು ನಾನು ಖಂಡಿತ ಹೇಳಬಲ್ಲೆ. ಅವರೂ ಮಕ್ಕಳೊಂದಿಗರು.

ಜಿಲ್ಲಾಧಿಕಾರಿಗಳಲ್ಲಿ ಒಂದು ಕೋರಿಕೆ. ನೆರೆಗೆ, ಹೆಣಕ್ಕೆ, ಹೊಳೆಗೆ ಬಿದ್ದ ಕಾರಿಗೆ ಅಂತ ನೀವು ಕರೆಯುವ ಊರಿನ ಮುಳುಗುಗಾರರ ಹೆಸರುಗಳನ್ನು ಒಂದು ಪಟ್ಟಿ ಮಾಡಿ. ಅವರಿಗೆ ವಿಮೆ ಮಾಡಿಸಿ. ಸಿಲಿಂಡರ್ ತುಂಬಿಸಿದ ಖರ್ಚು, ಹೋಗಿ ಬಂದ ಖರ್ಚು ಅದೇ ವಾರ ಕೊಡಿಸಿ. ಸನ್ಮಾನದ ಶಾಲು ಆಮೇಲೆ ಹಾಕಿದರೂ ನಡೆಯುತ್ತದೆ.

ಆಗಸ್ಟ್ 1ಕ್ಕೆ ಇನ್ನು ಹೆಚ್ಚು ದಿನ ಇಲ್ಲ. ಎಲ್ಲವೂ ಈ ವರ್ಷವೇ ಆಗುವುದಿಲ್ಲ ಅಂತ ನನಗೆ ಗೊತ್ತು. ಸುತ್ತೋಲೆ ಆಗಬಹುದು. ಆ ಹುಡುಗನ ಅರ್ಜಿ ಆಗಬಹುದು. ಅದರಲ್ಲಿ ಅವನು ನಡೆದದ್ದನ್ನೇ ಬರೆದಿದ್ದಾನೆ: "ಫ್ಯಾನಿಗೆ ಬಿದ್ದ ಬಲೆ ಬಿಡಿಸಲು ನೀರಿಗೆ ಇಳಿದಾಗ." ಆ ಸಾಲನ್ನು ಹಾಗೇ ಇಟ್ಟು ಮಂಜೂರು ಮಾಡಿ.

ನಿಮ್ಮಲ್ಲಿ ಯಾರಾದರೂ ದಕ್ಕೆಗೆ ಬರುವುದಾದರೆ ಬೆಳಿಗ್ಗೆ ಬನ್ನಿ. ಬೋಟುಗಳೆಲ್ಲ ಈಗ ಮೇಲಿವೆ, ಫ್ಯಾನುಗಳು ಕಣ್ಣಿಗೆ ಕಾಣುತ್ತವೆ. ಇಳಿಯುವವನು ಎಲ್ಲಿ ಕೈ ಹಿಡಿಯುತ್ತಾನೆ, ತಲೆ ಎಲ್ಲಿರುತ್ತದೆ ಅಂತ ನಿಲ್ಲಿಸಿ ತೋರಿಸುತ್ತೇನೆ. ಬಲಗಡೆ ನಿಂತು ಮಾತಾಡಿ, ಆ ಕಿವಿ ಕೇಳಿಸುತ್ತದೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಹಳೆಯ ಕಲಾಸಿ
ಮಲ್ಪೆ